ನನ್ನ ತಂಗಿ ಕೇಳಿದ ಪ್ರಶ್ನೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಭಾಷಣಕಾರರು 2004–05ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಮಾಹಿತಿ ತಂತ್ರಜ್ಞಾನ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’. ಇಪ್ಪತ್ತು ನಿಮಿಷ. ಆಹ್ವಾನ ಪತ್ರಿಕೆಯಲ್ಲಿಯೂ ಹಾಗೇ ಅಚ್ಚಾಗಿದೆ. ಆ ವಿಷಯದ ಬಗ್ಗೆ ಬರೆದುಕೊಂಡೂ ಬಂದಿದ್ದೆ. ಆದರೆ ನಿನ್ನೆ ರಾತ್ರಿ ಮನೆಯಲ್ಲಿ ಕೂತು ಅದನ್ನು ಓದಿದಾಗ, ಇದನ್ನೆಲ್ಲ ಮಕ್ಕಳು ತಮ್ಮ ಮೊಬೈಲಿನಲ್ಲೇ ನೋಡಿಕೊಳ್ಳಬಲ್ಲರು ಅನ್ನಿಸಿತು. ಅದಲ್ಲದೆ ನಮ್ಮ ಕ್ಷೇತ್ರದಲ್ಲಿ ಇನ್ನು ಐದು ವರ್ಷಕ್ಕೆ ಏನಾಗುತ್ತದೆ ಅಂತ ಹೇಳುವ ಧೈರ್ಯ ಈಗ ನನಗೇ ಇಲ್ಲ. ಹಾಗಾಗಿ ಅಧ್ಯಕ್ಷರ ಕ್ಷಮೆ ಕೇಳಿ ಬೇರೆ ಮಾತು ಆಡುತ್ತೇನೆ. ಇದು ನನ್ನ ತಂಗಿಯ ವಿಷಯ. ಅವಳೂ ಇದೇ ಶಾಲೆಯವಳು, ನನಗಿಂತ ಏಳು ವರ್ಷ ಚಿಕ್ಕವಳು. ಬೆಳಿಗ್ಗೆ ಫೋನ್ ಮಾಡಿ ಅಪ್ಪಣೆ ಕೇಳಿದೆ. ಎರಡು ಷರತ್ತು ಹಾಕಿದಳು: ‘ನನ್ನ ಹೆಸರು ಹೇಳ್ಬೇಡ, ಜನ ಅಯ್ಯೋ ಪಾಪ ಅನ್ನೋ ಥರ ಹೇಳ್ಬೇಡ.’ ಹೆಸರು ಹೇಳುವುದಿಲ್ಲ. ಇಲ್ಲಿರುವ ಅರ್ಧ ಜನಕ್ಕೆ ಅದು ಗೊತ್ತಿದೆ, ಅದಕ್ಕೆ ನಾನೇನೂ ಮಾಡಲಾರೆ. ಅವಳು ಇವತ್ತು ಡ್ಯೂಟಿಯಲ್ಲಿದ್ದಾಳೆ, ಅದಕ್ಕೇ ಬಂದಿಲ್ಲ.

2016ರ ಸೆಪ್ಟೆಂಬರ್. ಅವಳು ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದ ಕೊನೆಯಲ್ಲಿದ್ದಳು. ನಾಲ್ಕು ವರ್ಷದ ಕೋರ್ಸು, ಸರಿಯಾಗಿ ಅರ್ಧ ಮುಗಿಯುತ್ತಾ ಬಂದಿತ್ತು. ಒಂದು ರಾತ್ರಿ ಹತ್ತೂವರೆಗೆ ಫೋನ್ ಮಾಡಿದಳು. ಹಾಸ್ಟೆಲಿನ ಮಹಡಿ ಮೇಲಿಂದ ಮಾತಾಡುತ್ತಿದ್ದಳು, ಗಾಳಿ ಸದ್ದು ಕೇಳುತ್ತಿತ್ತು. ಅವತ್ತು ಸಂಜೆ ಮೆಡಿಸಿನ್ ವಾರ್ಡಿನಲ್ಲಿ ನಡೆದದ್ದನ್ನು ಹೇಳಿದಳು. ಸಕ್ಕರೆ ಕಾಯಿಲೆಯ ಒಬ್ಬ ಯಜಮಾನರು. ಇನ್ಸುಲಿನ್ ಕೊಟ್ಟಾಗಿದೆ. ಊಟ ಮನೆಯಿಂದ ಬರಬೇಕು, ಬಸ್ಸು ತಡ ಮಾಡಿದೆ. ಇದ್ದಕ್ಕಿದ್ದಂತೆ ಅವರು ಏನೇನೋ ತೊದಲಲು ಶುರು ಮಾಡಿದರು, ಹೆಂಡತಿಯನ್ನೇ ಬೈದರು, ಹಾಸಿಗೆಯಿಂದ ಎದ್ದು ಹೊರಟರು. ಪಕ್ಕದ ಹಾಸಿಗೆಯವರು ‘ಕುಡ್ಕೊಂಡ್ ಬಂದವ್ರೆ’ ಅಂದರು. ಅವರ ಹೆಂಡತಿ ಗಾಳಿ ಸೋಕಿದೆ ಅಂತ ಅಳತೊಡಗಿದರು. ನನ್ನ ತಂಗಿ ಅವರ ಕೈ ಹಿಡಿದು ನೋಡಿದಳು. ತಣ್ಣಗಿತ್ತು, ಬೆವರಿತ್ತು. ಬೆರಳು ಚುಚ್ಚಿ ಗ್ಲುಕೋಮೀಟರಿಗೆ ಹಚ್ಚಿದಾಗ 38 ತೋರಿಸಿತು. ಓಡಿಹೋಗಿ ಡ್ಯೂಟಿ ಡಾಕ್ಟರನ್ನು ಕರೆತಂದಳು. ಅವರು ರಕ್ತನಾಳಕ್ಕೆ ಶೇ. 25ರ ಡೆಕ್ಸ್‌ಟ್ರೋಸ್ ಕೊಟ್ಟರು. ಸ್ವಲ್ಪ ಹೊತ್ತಿಗೆಲ್ಲ ಯಜಮಾನರು ಕಣ್ಣು ಬಿಟ್ಟು ‘ಊಟ ಬಂತಾ?’ ಅಂತ ಕೇಳಿದರಂತೆ.

ಆ ಹೆಂಗಸು ನನ್ನ ತಂಗಿಯ ಕೈ ಹಿಡಿದುಕೊಂಡು, ‘ನೀನೇ ಡಾಕ್ಟ್ರಾಗ್ಬೇಕಿತ್ತು ಕಣವ್ವಾ’ ಅಂದರಂತೆ.

ಅವರು ಹೊಗಳಿಕೆಗೆ ಅಂದ ಮಾತು. ಇವಳಿಗೆ ಅದು ಬೇರೆ ಎಲ್ಲಿಗೋ ಹೋಗಿ ನಾಟಿತು. ‘ಅಣ್ಣಾ, ನಾನು ಮೆಡಿಕಲ್‌ಗೆ ಟ್ರೈ ಮಾಡ್ಲಾ?’ ಅಂತ ಕೇಳಿದಳು. ನಾನು ಉತ್ತರ ಕೊಡುವ ಮುಂಚೆಯೇ, ‘ಬೇಡ ಬಿಡು, ಸುಮ್ನೆ ಕೇಳ್ದೆ, ನನ್ಗೆಲ್ಲಿ ಆಗತ್ತೆ’ ಅಂದಳು. ನಾನು ‘ಯೋಚ್ನೆ ಮಾಡಿ ಹೇಳ್ತೀನಿ’ ಅಂದೆ.

ಎಂಜಿನಿಯರ್ ಯೋಚನೆ ಮಾಡುವುದು ಅಂದರೆ ಎಕ್ಸೆಲ್ ತೆಗೆಯುವುದು. ಮರುದಿನ ಆಫೀಸಿನಲ್ಲೇ ಕೂತು ಒಂದು ಪಟ್ಟಿ ಮಾಡಿದೆ. ನರ್ಸಿಂಗ್ ಮುಗಿದರೆ 2018ಕ್ಕೆ ಕೆಲಸ, ಆಗ ವಯಸ್ಸು 22. ಎಂ.ಬಿ.ಬಿ.ಎಸ್. ಅಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. 2017ರಲ್ಲೇ ಸೀಟು ಸಿಕ್ಕಿದರೂ ಮುಗಿಯುವಾಗ 27 ಆಗಿರುತ್ತದೆ. ಆಮೇಲೆ ಪಿ.ಜಿ. ಅಂದರೆ ಇನ್ನೂ ಮೂರು ವರ್ಷ. ಖರ್ಚಿಗೆ ಒಂದು ಕಂಬ, ಸಂಬಳಕ್ಕೆ ಒಂದು ಕಂಬ. ಕೊನೆಗೆ ಒಂದು ಮೊತ್ತ ಬಂತು. ಅದನ್ನು ಅವಳಿಗೆ ವಾಟ್ಸ್ಯಾಪಿನಲ್ಲಿ ಕಳಿಸಿದೆ. ಅವಳು ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿದಳು, ಅಷ್ಟೇ. ಹದಿನೈದು ದಿನ ಆ ವಿಷಯ ಎತ್ತಲಿಲ್ಲ.

ಇಲ್ಲಿ ನನ್ನದೊಂದು ಹಳೆಯ ಕತೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಇಲ್ಲಿಂದ ಹೋಗಿ ಸೇರಿದ್ದು ಪಿಯುಸಿಗೆ ಅಲ್ಲ, ಪಾಲಿಟೆಕ್ನಿಕ್‌ಗೆ. ಮೂರು ವರ್ಷ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾ ಸಿ.ಇ.ಟಿ. ಬರೆದು, 2008ರಲ್ಲಿ ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಹೋದೆ. ನಮ್ಮಂಥವರಿಗೆ ತರಗತಿಯಲ್ಲಿ ‘ಲ್ಯಾಟರಲ್’ ಅಂತಲೇ ಹೆಸರು. ಉಳಿದವರು ಪಿಯುಸಿಯಲ್ಲಿ ಎರಡು ವರ್ಷ, ಮೊದಲ ವರ್ಷದ ಬಿ.ಇ.ಯಲ್ಲಿ ಒಂದು ವರ್ಷ ಗಣಿತ ಅರೆದು ಕುಡಿದು ಬಂದಿದ್ದರು. ನಮಗೆ ಅದನ್ನೆಲ್ಲ ತುಂಬಿಸಲು ವಿ.ಟಿ.ಯು. ಬೇರೆಯಾಗಿ ಒಂದು ಗಣಿತದ ಪತ್ರಿಕೆಯನ್ನೇ ಇಟ್ಟಿತ್ತು. ಮೊದಲ ಇಂಟರ್ನಲ್ಸಿನಲ್ಲಿ ನನಗೆ 25ಕ್ಕೆ 4 ಬಂತು. ಆ ರಾತ್ರಿ ಬ್ಯಾಗು ಕಟ್ಟಿ ತಿಪಟೂರಿನ ಬಸ್ಸು ಹತ್ತಿದವನು ನಾನು. ಬೆಳಗಿನ ಜಾವ ಮನೆಗೆ ಬಂದಾಗ ಅಪ್ಪ ಅಟ್ಟದಿಂದ ಕೊಬ್ಬರಿ ಇಳಿಸಿ ಚೀಲಕ್ಕೆ ತುಂಬುತ್ತಿದ್ದರು. ಯಾಕೆ ಬಂದೆ ಅಂತಲೂ ಕೇಳಲಿಲ್ಲ. ‘ಹಿಡ್ಕೋ ಚೀಲದ ಬಾಯಿ’ ಅಂದರು. ಆ ಕೊಬ್ಬರಿ ನನ್ನ ಫೀಸಿಗೆ ಹೊರಟಿತ್ತು. ದರ ಏರಲಿ ಅಂತ ಕಾಯಬೇಕಾಗಿದ್ದ ಮಾಲು, ಆಗಲೇ ಮಾರುಕಟ್ಟೆಗೆ ಹೋಗುತ್ತಿತ್ತು. ನಾನು ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋದೆ. ತೋಟದ ಮೇಲೆ ಸೊಸೈಟಿ ಸಾಲವೂ ಇತ್ತು ಅಂತ ನನಗೆ ಗೊತ್ತಾದದ್ದು ಕೆಲಸ ಸಿಕ್ಕ ಮೇಲೆ.

ಅಂದರೆ, ನನಗೆ ಅನುಮಾನ ಬಂದಾಗ ನನ್ನ ಹಿಂದೆ ಒಂದು ಅಟ್ಟ ಕೊಬ್ಬರಿ ಇತ್ತು.

ಈಗ 2014ಕ್ಕೆ ಬರೋಣ. ತಂಗಿಯ ಪಿಯುಸಿ ಮುಗಿಯಿತು. ಆಗ ಮೆಡಿಕಲ್ ಸೀಟು ನಮ್ಮ ರಾಜ್ಯದ ಸಿ.ಇ.ಟಿ. ಮೂಲಕವೇ ಸಿಗುತ್ತಿತ್ತು. ಅವಳ ರ‍್ಯಾಂಕ್ ಸರ್ಕಾರಿ ಸೀಟಿಗೆ ಸಾಲಲಿಲ್ಲ. ತೀರಾ ದೂರವೂ ಇರಲಿಲ್ಲ. ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಹೋದರೆ ಬರಬಹುದು ಅಂತ ಅವಳ ಕಾಲೇಜಿನ ಉಪನ್ಯಾಸಕರೊಬ್ಬರು ಹೇಳಿದ್ದರು. ಮನೆಯಲ್ಲಿ ಚರ್ಚೆ ನಡೆಯಿತು. ಹೆಣ್ಣುಮಗಳು ಒಂದು ವರ್ಷ ಮನೆಯಲ್ಲಿ ಕೂತರೆ ಜನ ಏನಂತಾರೆ, ಫೇಲಾಗಿದ್ದಾಳೆ ಅಂತಾರೆ. ಒಂದು ವರ್ಷ ಹೋಗಿಯೂ ಸೀಟು ಬರದಿದ್ದರೆ? ಇದು ಅಮ್ಮನ, ದೊಡ್ಡಪ್ಪನ ಮಾತು. ಅಪ್ಪ ನನ್ನ ಮುಖ ನೋಡಿದರು. ನಾನು ಆಗ ಮೂರು ವರ್ಷದಿಂದ ಕೆಲಸದಲ್ಲಿದ್ದೆ. ಕೋಚಿಂಗ್ ಫೀಸು ಕೊಡುವ ಶಕ್ತಿ ನನಗಿತ್ತು. ನಾನು ಹೇಳಿದ್ದೇನು ಗೊತ್ತೇ? ‘ನರ್ಸಿಂಗ್ ಒಳ್ಳೇದು, ಕೆಲಸ ಗ್ಯಾರಂಟಿ.’

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಆ ವರ್ಷ ನಾನು ಬೈಕು ಕೊಂಡಿದ್ದೆ, ಸೈಟಿಗೆ ಮುಂಗಡ ಕೊಡುವ ಲೆಕ್ಕಾಚಾರದಲ್ಲಿದ್ದೆ. ಇದನ್ನು ನಾನು ಇಷ್ಟು ಜನರೆದುರು ಇದೇ ಮೊದಲ ಸಲ ಹೇಳುತ್ತಿರುವುದು. ಅವಳು ಒಂದು ಮಾತೂ ಎದುರಾಡದೆ ಅರ್ಜಿ ತುಂಬಿದಳು.

ಹಾಗಾಗಿ 2016ರಲ್ಲಿ ಅವಳು ಆ ಪ್ರಶ್ನೆ ಕೇಳಿದಾಗ ನಾನು ಎಕ್ಸೆಲ್ ಮೊರೆ ಹೋದದ್ದಕ್ಕೆ ಕಾರಣ ಇತ್ತು. ಅಂಕಿಗಳು ನನ್ನನ್ನು ಏನೂ ಕೇಳುತ್ತಿರಲಿಲ್ಲ.

ದಸರಾ ರಜೆಗೆ ಇಬ್ಬರೂ ಊರಿಗೆ ಬಂದೆವು. ಹಬ್ಬದ ಮರುದಿನ ತೋಟದಲ್ಲಿ ಕೂತಿದ್ದಾಗ ಅವಳೇ ಮಾತು ತೆಗೆದಳು. ಅವಳಿಗಿದ್ದದ್ದು ದುಡ್ಡಿನ ಚಿಂತೆ, ವಯಸ್ಸಿನ ಚಿಂತೆ ಅಂತ ನಾನು ತಿಳಿದಿದ್ದೆ. ಅವಳು ಹೇಳಿದ್ದು ಬೇರೆ. ‘ನೋಡಣ್ಣಾ, ನಂಗೆ ಡಾಕ್ಟರ್ ಕೆಲಸ ಬೇಕೋ, ಇಲ್ಲಾ ಡಾಕ್ಟರ್ ಅನ್ನಿಸ್ಕೊಳ್ಳೋದು ಬೇಕೋ, ಅದೇ ಗೊತ್ತಾಗ್ತಿಲ್ಲ. ಮದುವೆ ಮನೇಲಿ ಯಾರಾದ್ರೂ ಏನ್ ಓದ್ತಿದೀಯಮ್ಮ ಅಂತಾರೆ. ನರ್ಸಿಂಗ್ ಅಂದ್ ತಕ್ಷಣ ಓ... ಅಂತ ಎಳೀತಾರಲ್ಲ, ಆ ಓ ತಪ್ಪಿಸ್ಕೊಳ್ಳೋಕೆ ಇದೆಲ್ಲಾ ಮಾಡ್ತಿದೀನಾ?’ ಸ್ವಲ್ಪ ಹೊತ್ತು ಬಿಟ್ಟು, ‘ಇನ್ನೊಂದು. ನಂಗೆ ಆಗಲ್ಲ ಅಂತ ನಿಜವಾಗ್ಲೂ ಗೊತ್ತಾ, ಅಥವಾ ಹೆದರ್ಕೊಂಡು ಆಗಲ್ಲ ಅಂತಿದೀನಾ? ಒಳಗಡೆಯಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣ್ಸತ್ತೆ’ ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಗಣಿತದಲ್ಲಿ 4 ಬಂದ ರಾತ್ರಿ ನನಗೂ ಇದೇ ಆಗಿತ್ತು, ಆದರೆ ಇಷ್ಟು ಸ್ಪಷ್ಟವಾಗಿ ಹೇಳಲು ಬರುತ್ತಿರಲಿಲ್ಲ. ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಅವಳನ್ನು ಸಂಜೆ ನಮ್ಮ ವಿಜ್ಞಾನದ ಮೇಷ್ಟ್ರ ಮನೆಗೆ ಕರೆದುಕೊಂಡು ಹೋದದ್ದು. ಮೇಷ್ಟ್ರು ಅಗೋ ಅಲ್ಲೇ ಕೂತಿದ್ದಾರೆ, ನನ್ನನ್ನು ಗದರಿಸುವ ಮುಖ ಮಾಡುತ್ತಿದ್ದಾರೆ. ಆಗ ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ನಮ್ಮ ಕಾಲದಲ್ಲಿ ಈ ಶಾಲೆಯಲ್ಲಿ ಪ್ರಯೋಗಾಲಯ ಅಂದರೆ ಮೇಷ್ಟ್ರ ಕೈಚೀಲ. ಒಂದು ಪಟ್ಟಕ, ಎರಡು ಮಸೂರ, ಒಂದು ಲೋಲಕದ ಗುಂಡು. ಅದನ್ನು ಅವರು ಮನೆಗೆ ತೆಗೆದುಕೊಂಡು ಹೋಗುತ್ತಿದ್ದರು, ಶಾಲೆಯಲ್ಲಿಟ್ಟರೆ ಇಲಿ ಚೀಲ ಕಡಿಯುತ್ತದೆ ಅಂತ.

ಮೇಷ್ಟ್ರು ಎಲ್ಲ ಕೇಳಿಸಿಕೊಂಡರು. ಅವಳು, ‘ಬಯಾಲಜಿ ಪರವಾಗಿಲ್ಲ ಸಾರ್, ಫಿಸಿಕ್ಸ್ ಬರಲ್ಲ’ ಅಂದಳು.

‘ಬರಲ್ಲ ಅಂತ ಯಾರು ಹೇಳಿದ್ದು?’

‘ಯಾರೂ ಹೇಳಿಲ್ಲ ಸಾರ್, ನಂಗೇ ಗೊತ್ತು.’

‘ಕೊನೇ ಸಲ ಯಾವಾಗ ಒಂದು ಲೆಕ್ಕ ಮಾಡ್ದೆ?’

‘ಪಿಯುಸಿ ಪರೀಕ್ಷೇಲಿ.’

‘ಎರಡೂವರೆ ವರ್ಷ ಆಯ್ತು. ಅಟ್ಟದ ಮೇಲಿರೋ ಕಾಯಿ ಒಣಗಿದ್ಯೋ ಇಲ್ವೋ ಅಂತ ನಿಮ್ಮಪ್ಪ ಹೆಂಗೆ ನೋಡ್ತಾರೆ? ಕೆಳಗೆ ಕೂತ್ಕೊಂಡು ಯೋಚ್ನೆ ಮಾಡ್ತಾರಾ? ಹತ್ತಿ, ಕೈಗೆ ತಗೊಂಡು ಅಲ್ಲಾಡಿಸ್ತಾರೆ. ಒಳಗೆ ಗಡಗಡ ಅಂದ್ರೆ ಆಯ್ತು. ನೀನೂ ಮೊದ್ಲು ಅಲ್ಲಾಡ್ಸು. ಡಾಕ್ಟರ್ ಆಗ್ಬೇಕಾ ಬೇಡ್ವಾ ಅನ್ನೋದು ಆಮೇಲೆ.’

ಅವರು ಮೂರು ತಿಂಗಳ ಗಡುವು ಕೊಟ್ಟರು. ದಿನಕ್ಕೆ ಹತ್ತು ಭೌತಶಾಸ್ತ್ರದ ಲೆಕ್ಕ, ಹತ್ತಕ್ಕಿಂತ ಹೆಚ್ಚೂ ಬೇಡ. ರಜೆಯಲ್ಲಿ ಅವರ ಮನೆಯ ಜಗುಲಿಯಲ್ಲಿ ಪಾಠ. ಹಾಸ್ಟೆಲಿಗೆ ಹೋದ ಮೇಲೆ ಬಿಡಿಸಿದ ಹಾಳೆಯ ಫೋಟೋ ತೆಗೆದು ಕಳಿಸಬೇಕು. ಮೇಷ್ಟ್ರು ಅದಕ್ಕೋಸ್ಕರವೇ ಸ್ಮಾರ್ಟ್‌ಫೋನ್ ಕೊಂಡರು ಅಂತ ಅವರ ಮನೆಯವರು ಈಗಲೂ ನನ್ನನ್ನು ಬೈಯುತ್ತಾರೆ.

ಇಲ್ಲಿ ಮಕ್ಕಳಿಗೆ, ಪೋಷಕರಿಗೆ ಕೆಲವು ವಿಷಯ ಹೇಳಿಬಿಡುತ್ತೇನೆ. ನಾವು ಗೊತ್ತಿಲ್ಲದೆ ತುಂಬಾ ಅಲೆದೆವು. ನನಗೆ ಡಿಪ್ಲೊಮಾದಿಂದ ಬಿ.ಇ. ಎರಡನೇ ವರ್ಷಕ್ಕೆ ಒಂದು ಪಕ್ಕದ ಬಾಗಿಲು ಇತ್ತು. ನರ್ಸಿಂಗ್‌ನಿಂದ ಎಂ.ಬಿ.ಬಿ.ಎಸ್.ಗೆ ಅಂಥ ಬಾಗಿಲು ನಮ್ಮ ದೇಶದಲ್ಲಿ ಇಲ್ಲ. ನರ್ಸಿಂಗ್‌ನ ಮೊದಲ ವರ್ಷದಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಎಲ್ಲ ಓದುತ್ತಾರೆ, ಎರಡನೇ ವರ್ಷ ಔಷಧಶಾಸ್ತ್ರ, ರೋಗಶಾಸ್ತ್ರ. ಅದು ಒಂದೂ ಲೆಕ್ಕಕ್ಕೆ ಬರುವುದಿಲ್ಲ. ನೀಟ್ ಬರೆದು, ಮೊದಲ ವರ್ಷದಿಂದ, ಪಿಯುಸಿ ಮುಗಿಸಿ ಬಂದ ಮಕ್ಕಳ ಜೊತೆ ಕೂರಬೇಕು. ನೀಟ್‌ನಲ್ಲಿ 720 ಅಂಕ. ಅರ್ಧ ಜೀವಶಾಸ್ತ್ರದ್ದು, ಉಳಿದ ಅರ್ಧ ಭೌತಶಾಸ್ತ್ರ, ರಸಾಯನಶಾಸ್ತ್ರಕ್ಕೆ ಸಮ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಳೆಯುತ್ತಾರೆ. ವಾರ್ಡಿನಲ್ಲಿ ಎರಡು ವರ್ಷ ಓಡಾಡಿದವಳು ಪರೀಕ್ಷೆಯಲ್ಲಿ ಉತ್ತರಿಸಬೇಕಾದದ್ದು ಸಸ್ಯಗಳ ವರ್ಗೀಕರಣಕ್ಕೆ, ಇಳಿಜಾರಿನಲ್ಲಿ ಉರುಳುವ ಗುಂಡಿಗೆ. ಇದು ಅವಳಿಗೆ ಬಹಳ ಸಿಟ್ಟು ತರಿಸುತ್ತಿತ್ತು. ‘ರೋಗಿ ಬೆವರ್ತಿದ್ರೆ ಏನ್ ಮಾಡ್ಬೇಕು ಅಂತ ಒಂದು ಪ್ರಶ್ನೆನಾದ್ರೂ ಕೇಳ್ಬಾರ್ದಾ?’ ಅನ್ನುತ್ತಿದ್ದಳು.

ಇನ್ನೊಂದು ಸಂಗತಿ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ನಮ್ಮ ರಾಜ್ಯದಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ, ನಮ್ಮೂರ ಪ್ರಾಥಮಿಕ ಶಾಲೆಯಿಂದಲೇ ಬಂದ ಮಕ್ಕಳಿಗೆ ಎರಡೂ ಸಿಗುತ್ತದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಅದನ್ನು ಈಗಲೇ ಮಾಡಿಸಿಟ್ಟುಕೊಳ್ಳಿ, ಕೊನೆಯ ದಿನ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ.

ಮತ್ತೆ, ಪರೀಕ್ಷೆ ಬರೆಯುವುದಕ್ಕೆ ಇರುವ ಕೋರ್ಸನ್ನು ಬಿಡಬೇಕಾಗಿಲ್ಲ. ಅವಳ ರೂಮಿನ ಹುಡುಗಿಯೊಬ್ಬಳು ಬಿಟ್ಟುಬಿಡು, ಎರಡು ದೋಣಿಯ ಮೇಲೆ ಕಾಲಿಡಬೇಡ ಅಂತ ಬುದ್ಧಿ ಹೇಳಿದ್ದಳು. ಕಾಲೇಜಿನ ಕಚೇರಿಯಲ್ಲಿ ಕೇಳಿದರೆ, ಬಿಡುವುದಾದರೆ ಉಳಿದ ಎರಡು ವರ್ಷದ ಫೀಸು ಕಟ್ಟಿ ಮೂಲ ಅಂಕಪಟ್ಟಿ ತೆಗೆದುಕೊಂಡು ಹೋಗಿ ಅಂದರು. ಆ ಕಾಲೇಜಿನ ಹೆಸರು ಬೇಡ. ಆ ಮಾತು ಕೇಳಿ ಅವಳು ಎರಡು ದಿನ ಊಟ ಬಿಟ್ಟಳು. ಕೊನೆಗೆ ಮೇಷ್ಟ್ರೇ ಹೇಳಿದರು, ‘ಸೀಟು ಕೈಗೆ ಬರ್ಲಿ, ಆಮೇಲೆ ಆ ತಲೆನೋವು. ಅಲ್ಲೀವರ್ಗೂ ಡ್ಯೂಟಿ ಮಾಡು, ಲೆಕ್ಕನೂ ಮಾಡು.’

ಮೊದಲ ಮಾದರಿ ಪರೀಕ್ಷೆಯನ್ನು ಅವಳು ಡಿಸೆಂಬರ್‌ನಲ್ಲಿ ಬರೆದಳು. ಭೌತಶಾಸ್ತ್ರದಲ್ಲಿ 180ಕ್ಕೆ ಮೈನಸ್ 7. ಸೊನ್ನೆಗಿಂತ ಕೆಳಗೂ ಹೋಗಬಹುದು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಮ್ಮ, ‘ಮೈನಸ್ ಅಂದ್ರೆ ನಾವೇ ಅವ್ರಿಗೆ ಕೊಡ್ಬೇಕಾ?’ ಅಂತ ಕೇಳಿದರು. ತಂಗಿ ಫೋನಿನಲ್ಲಿ ಅಳುತ್ತಲೇ ನಕ್ಕಳು. ಮೇಷ್ಟ್ರಿಗೆ ಹೇಳಿದಾಗ ಅವರು, ‘ಒಳ್ಳೇದಾಯ್ತು, ಇನ್ಮೇಲೆ ಗೊತ್ತಿಲ್ದಿರೋದನ್ನ ಬಿಡೋದು ಕಲೀತೀಯ’ ಅಂದರು. ಆಮೇಲಿನ ನಾಲ್ಕು ತಿಂಗಳ ಕತೆ ದೊಡ್ಡದೇನಲ್ಲ. ಬೆಳಿಗ್ಗೆ ಪೋಸ್ಟಿಂಗ್, ಮಧ್ಯಾಹ್ನ ತರಗತಿ, ರಾತ್ರಿ ಹಾಸ್ಟೆಲಿನ ಕಾರಿಡಾರ್ ದೀಪದ ಕೆಳಗೆ ಹತ್ತು ಲೆಕ್ಕ. ಎಷ್ಟೋ ದಿನ ಮೂರೇ ಆಗುತ್ತಿತ್ತು. ನಡುವೆ ಎರಡು ಸಲ ‘ಬಿಟ್ಬಿಡ್ತೀನಿ’ ಅಂದಳು. ಮೂರನೇ ಸಲ ಅಂದಾಗ ನಾನೇ ಹೋಗಿ, ಅವಳ ಕಾಲೇಜಿನ ಎದುರಿನ ಹೋಟೆಲಿನಲ್ಲಿ ದೋಸೆ ತಿನ್ನಿಸಿ ಬಂದೆ. ಎಕ್ಸೆಲ್ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

2017ರ ಮೇ 7ರಂದು ನೀಟ್ ಬರೆದಳು. ಆ ವರ್ಷ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇತ್ತು. ಕನ್ನಡ ಆರಿಸಲೇ, ಇಂಗ್ಲಿಷ್ ಆರಿಸಲೇ ಅಂತ ಅರ್ಜಿ ಹಾಕುವಾಗ ಒಂದು ರಾತ್ರಿ ಪೂರ್ತಿ ಯೋಚಿಸಿದ್ದಳು. ಹತ್ತರವರೆಗೆ ವೇಗೋತ್ಕರ್ಷ ಅಂತ ಓದಿದವಳು, ಪಿಯುಸಿಯಲ್ಲಿ ಅದನ್ನೇ ಆ್ಯಕ್ಸಲರೇಶನ್ ಅಂತ ಓದಿದವಳು. ಎರಡೂ ಪೂರ್ತಿ ತನ್ನದಲ್ಲ ಅನ್ನಿಸಿತಂತೆ. ಇಂಗ್ಲಿಷನ್ನೇ ಆರಿಸಿದಳು. ನಮ್ಮ ಶಾಲೆಯಿಂದ ಹೋದ ಎಲ್ಲರಿಗೂ ಈ ಕಷ್ಟ ಗೊತ್ತು, ಹೆಚ್ಚು ಹೇಳುವುದಿಲ್ಲ.

ಉತ್ತರ ಸೂಚಿ ಬಂದ ಮೇಲೆ ತಾಳೆ ಹಾಕಿದೆವು. ಜೀವಶಾಸ್ತ್ರ 205, ರಸಾಯನಶಾಸ್ತ್ರ 52, ಭೌತಶಾಸ್ತ್ರ 41. ಒಟ್ಟು 298. ಜೂನ್‌ನಲ್ಲಿ ಫಲಿತಾಂಶ ಬಂತು. ಆ ವರ್ಷ ಸಾಮಾನ್ಯ ವರ್ಗದವರಿಗೆ ಅರ್ಹತೆಯ ಅಂಕ 131 ಇತ್ತು. ಅವಳ ಫಲಿತಾಂಶದ ಹಾಳೆಯಲ್ಲಿ ‘ಅರ್ಹ’ ಅಂತ ಇತ್ತು. ಅಪ್ಪನಿಗೆ ಅಷ್ಟೇ ಸಾಕಾಯಿತು. ನಾನು ಫೋನಿನಲ್ಲಿ ವಿವರಿಸುವಷ್ಟರಲ್ಲಿ ಅವರು ತಿಪಟೂರಿಗೆ ಹೋಗಿ ಎರಡು ಕೆ.ಜಿ. ಪೇಡ ತಂದು ಬೀದಿಯಲ್ಲಿ ಹಂಚಿಬಿಟ್ಟಿದ್ದರು. ‘ಡಾಕ್ಟ್ರಮ್ಮ ಯಾವಾಗ ಬರ್ತಾರೆ?’ ಅಂತ ಕೇಳಿದವರು ಈ ಶಾಮಿಯಾನದ ಕೆಳಗೂ ಇದ್ದೀರಿ, ನಿಮ್ಮ ತಪ್ಪಲ್ಲ. ದೇಶದಲ್ಲಿ ಆ ಸಲ 11 ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದ್ದರು, 6 ಲಕ್ಷಕ್ಕೂ ಹೆಚ್ಚು ಮಂದಿ ‘ಅರ್ಹ’ರಾದರು. ಅರ್ಹತೆ ಅಂದರೆ ಸರತಿ ಸಾಲಿನಲ್ಲಿ ನಿಲ್ಲುವ ಅಪ್ಪಣೆ, ಅಷ್ಟೇ. 298 ಸರ್ಕಾರಿ ಸೀಟಿಗೆ ಸಾಲಲಿಲ್ಲ, ಮೀಸಲಾತಿ ಎಲ್ಲ ಸೇರಿಯೂ ಸಾಲಲಿಲ್ಲ. ಖಾಸಗಿ ಸೀಟು ಅಂದರೆ ತೋಟ ಮಾರಿದರೂ ಮುಟ್ಟುವಂತಿರಲಿಲ್ಲ.

ಹಂಚಿದ ಪೇಡವನ್ನು ವಾಪಸ್ ಕೇಳಲು ಆಗುವುದಿಲ್ಲವಲ್ಲ. ಅವಳು ಆ ಆಷಾಢ ಪೂರ್ತಿ ಊರಿಗೆ ಬರಲಿಲ್ಲ.

ಜುಲೈನಲ್ಲಿ ನಾನು ಹಾಸ್ಟೆಲಿಗೆ ಹೋದೆ. ಈ ಸಲ ನಾನು ಸಿದ್ಧವಾಗಿ ಹೋಗಿದ್ದೆ. ‘ಇನ್ನೊಂದು ವರ್ಷ ತಗೋ. ಬೇಕಾದ್ರೆ ನರ್ಸಿಂಗ್ ಬಿಡು, ಅವ್ರು ಕೇಳೋ ಫೀಸು ನಾನು ಕಟ್ತೀನಿ. ಲಾಂಗ್ ಟರ್ಮ್ ಕೋಚಿಂಗ್ ಸೇರ್ಸ್ತೀನಿ. ದುಡ್ಡಿನ ಯೋಚ್ನೆ ಮಾಡ್ಬೇಡ’ ಅಂದೆ. ಮನಸ್ಸಿನಲ್ಲಿ, ಒಂದು ಸಾಲ ತೀರಿಸುತ್ತಿದ್ದೇನೆ ಅನ್ನುವ ಸಮಾಧಾನ ನನಗೆ ಆಗಲೇ ಬಂದುಬಿಟ್ಟಿತ್ತು.

ಅವಳು ಕಾಫಿ ಲೋಟ ಕೆಳಗಿಟ್ಟು, ‘ಇದನ್ನ 2014ರಲ್ಲಿ ಹೇಳ್ಬೇಕಿತ್ತಣ್ಣಾ’ ಅಂದಳು.

ಸಿಟ್ಟಿನಲ್ಲಿ ಹೇಳಲಿಲ್ಲ. ಔಷಧಿಯ ಹೊತ್ತು ಮೀರಿದ್ದನ್ನು ಚೀಟಿ ನೋಡಿ ಹೇಳುವಂತೆ ಹೇಳಿದಳು. ನಾನು ತಲೆ ತಗ್ಗಿಸಿದೆ. ಆಮೇಲೆ ಅವಳೇ ಮಾತು ಮುಂದುವರಿಸಿದಳು. ‘ಇನ್ನೊಂದು ವರ್ಷ ಕೂತ್ರೆ ಬರ್ಬೋದು. ಬರ್ದೇನೂ ಇರ್ಬೋದು. ಮೈನಸ್ ಏಳರಿಂದ ನಲವತ್ತೊಂದಕ್ಕೆ ಬಂದೆ, ಅಂದ್ರೆ ಫಿಸಿಕ್ಸ್ ಬರಲ್ಲ ಅನ್ನೋದು ಸುಳ್ಳು. ಅದು ಗೊತ್ತಾಯ್ತು. ಆದ್ರೆ ಈ ಏಳು ತಿಂಗಳಲ್ಲಿ ನಾನು ವಾರ್ಡಿನಲ್ಲಿ ಏನ್ ಮಾಡ್ದೆ ಅಂತ ನಂಗೆ ನೆನಪೇ ಇಲ್ಲ. ಬಿಪಿ ನೋಡ್ತಾ ನೋಡ್ತಾ ಲೆಕ್ಕ ಯೋಚ್ನೆ ಮಾಡ್ತಿದ್ದೆ. ಒಬ್ಬ ಅಜ್ಜಿಗೆ ಎರಡು ಸಲ ಒಂದೇ ಪ್ರಶ್ನೆ ಕೇಳ್ದೆ, ಅವ್ರು ಬೈದ್ರು. ಇನ್ನೊಂದು ವರ್ಷ ಹಂಗಿರೋಕೆ ನಂಗೆ ಇಷ್ಟ ಇಲ್ಲ.’

ಅವಳು ಮತ್ತೆ ಬರೆಯಲಿಲ್ಲ. ಆ ತೀರ್ಮಾನ ಸರಿಯೋ ತಪ್ಪೋ ಅಂತ ನನ್ನನ್ನು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಇನ್ನೊಂದು ಸಲ ಬರೆದಿದ್ದರೆ ಬರುತ್ತಿತ್ತು ಅಂತ ಮೇಷ್ಟ್ರು ಈಗಲೂ ಅನ್ನುತ್ತಾರೆ. ಅದನ್ನು ಅವಳೆದುರು ಅನ್ನುವುದಿಲ್ಲ.

2018ರಲ್ಲಿ ನರ್ಸಿಂಗ್ ಮುಗಿಸಿದಳು. ಮೊದಲು ಖಾಸಗಿ ಆಸ್ಪತ್ರೆಯಲ್ಲಿದ್ದಳು, ಆಮೇಲೆ ಸರ್ಕಾರಿ ಕೆಲಸವಾಯಿತು. ಕೋವಿಡ್ ಕಾಲದಲ್ಲಿ ಅವಳು ಏನು ನೋಡಿದಳು ಅನ್ನುವುದನ್ನು ನಮಗೆ ಪೂರ್ತಿ ಹೇಳಿಲ್ಲ, ನಾವೂ ಕೇಳಿಲ್ಲ. ಈಗ ಐಸಿಯುನಲ್ಲಿದ್ದಾಳೆ. ಹೊಸದಾಗಿ ಬರುವ ವೈದ್ಯ ವಿದ್ಯಾರ್ಥಿಗಳಿಗೆ ಕೈಯಲ್ಲಿ ನಾಳ ಹುಡುಕುವುದನ್ನು ಇವಳೇ ಹೇಳಿಕೊಡುತ್ತಾಳೆ. ಅವರು ಎರಡು ವರ್ಷದಲ್ಲಿ ‘ಸಾರ್’ ಆಗಿ ಬಂದು ಇವಳಿಗೆ ಆರ್ಡರ್ ಬರೆಯುತ್ತಾರೆ. ಕಳೆದ ಯುಗಾದಿಗೆ ಬಂದಿದ್ದಾಗ ಕೇಳಿದೆ, ‘ಡಾಕ್ಟರ್ ಆಗ್ಬೇಕಿತ್ತು ಅಂತ ಈಗ್ಲೂ ಅನ್ಸತ್ತಾ?’

‘ಅನ್ಸತ್ತೆ. ರೌಂಡ್ಸ್ ಟೈಮಲ್ಲಿ ಅನ್ಸತ್ತೆ. ನಾನು ಹೇಳಿದ್ದನ್ನೇ ಅವ್ರು ಹತ್ತು ನಿಮಿಷ ಬಿಟ್ಟು ಹೇಳ್ದಾಗ ಇನ್ನೂ ಜಾಸ್ತಿ ಅನ್ಸತ್ತೆ’ ಅಂದು ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡಳು. ‘ಆದ್ರೆ ರಾತ್ರಿ ಎದ್ದು ಕೂತು ಯೋಚ್ನೆ ಮಾಡೋಷ್ಟು ಅನ್ಸಲ್ಲ.’

2022ರಿಂದ ನೀಟ್ ಬರೆಯಲು ವಯಸ್ಸಿನ ಮೇಲ್ಮಿತಿ ಇಲ್ಲ. ಅದನ್ನು ನಾನು ಒಂದು ಸಲ ಅವಳ ಕಿವಿಗೆ ಹಾಕಿದೆ. ‘ನಂಗೂ ಗೊತ್ತು, ಸುಮ್ನಿರು’ ಅಂದಳು.

ಈಗ ನಾನು ಈ ವೇದಿಕೆಗೆ ಬಂದ ನಿಜವಾದ ಕೆಲಸ ಹೇಳುತ್ತೇನೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪಿಯುಸಿಯಲ್ಲಿ ಸಿ.ಇ.ಟಿ., ನೀಟ್ ಬರೆದು ಮೊದಲ ಸಲ ಸಾಲದೆ ಹೋದ, ಇನ್ನೊಂದು ವರ್ಷ ಪ್ರಯತ್ನಿಸಬೇಕು ಅನ್ನುವ ಈ ಶಾಲೆಯ ಹೆಣ್ಣುಮಕ್ಕಳಿಗೆ, ವರ್ಷಕ್ಕೆ ಇಬ್ಬರಿಗೆ, ಕೋಚಿಂಗ್ ಫೀಸನ್ನು ನಮ್ಮ 2004–05ರ ತಂಡದ ಹನ್ನೊಂದು ಜನ ಸೇರಿ ಕಟ್ಟುತ್ತೇವೆ. ಮೊದಲ ವರ್ಷದ ಹಣವನ್ನು ಮುಖ್ಯೋಪಾಧ್ಯಾಯರಿಗೆ ನಿನ್ನೆಯೇ ಒಪ್ಪಿಸಿದ್ದೇವೆ. ನರ್ಸಿಂಗ್, ಡಿಪ್ಲೊಮಾ, ಐ.ಟಿ.ಐ. ಏನೇ ಓದುತ್ತಿರುವವರೂ ಅರ್ಜಿ ಹಾಕಬಹುದು. ವಯಸ್ಸು ಕೇಳುವುದಿಲ್ಲ. ಅರ್ಜಿಗೆ ಪೋಷಕರ ಸಹಿ ಬೇಕು. ಅಣ್ಣನ ಸಹಿ ನಡೆಯುವುದಿಲ್ಲ ಅಂತ ನನ್ನ ತಂಗಿ ಹೇಳಿ ಕಳಿಸಿದ್ದಾಳೆ.

ಭೌತಶಾಸ್ತ್ರದ ಪಾಠ ಮುಂದಿನ ಶನಿವಾರದಿಂದ, ಸಂಜೆ ನಾಲ್ಕೂವರೆಗೆ, ಎಂಟನೇ ತರಗತಿ ಕೊಠಡಿಯಲ್ಲಿ. ಮೇಷ್ಟ್ರು ಬರುತ್ತಾರೆ. ಅವರ ಕೈಚೀಲವೂ ಬರುತ್ತದೆ. ಬೀಗದ ಕೈ ಜವಾನ ಅಣ್ಣನ ಹತ್ತಿರ ಇರುತ್ತದೆ, ತಡ ಮಾಡಿದರೆ ಅವರು ಬೀಗ ಹಾಕಿಕೊಂಡು ಹಾಲಿನ ಡೈರಿಗೆ ಹೋಗಿಬಿಡುತ್ತಾರೆ.